ಮೊದಲ ಸಲ ಥೀಸಿಸ್ ಪರೀಕ್ಷಕರಾದಾಗ ಎಲ್ಲಿ ಗಟ್ಟಿಯಾಗಿರಬೇಕು, ಎಲ್ಲಿ ಬಿಡಬೇಕು?

ಉಡುಪಿಯಲ್ಲಿ ಪಾಠ ಮಾಡುವ ನಿಮಗೆ ಸಂಶೋಧನಾ ಸ್ನಾತಕೋತ್ತರ ಪದವಿಯ ಥೀಸಿಸ್ ಒಂದು ಮೊದಲ ಸಲ ಮೌಲ್ಯಮಾಪನಕ್ಕೆ ಬಂದಿದೆ. ವಿದ್ಯಾರ್ಥಿನಿಗೆ ಅನ್ಯಾಯವಾಗಬಾರದು, ಹಾಗಂತ ಕಣ್ಣುಮುಚ್ಚಿ ಸಹಿ ಹಾಕಲೂ ಮನಸ್ಸಿಲ್ಲ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಕಲಿಸುವವಳು. ಎಂ.ಎಫ್.ಎಸ್ಸಿ. (ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿ) ಥೀಸಿಸ್‌ಗಳನ್ನು ಓದುತ್ತಾ ಬಂದಿದ್ದೇನೆ. ವಿಷಯ ಬೇರೆಯಾದರೂ ನೋಡುವ ಕ್ರಮ ನಿಮಗೂ ಉಪಯೋಗವಾದೀತು.

ಕೆಲಸ ಒಪ್ಪುವ ಮೊದಲೇ ಒಂದು ವಿಚಾರ. ಗೈಡ್ ಜೊತೆ ನೀವು ಇತ್ತೀಚೆಗೆ ಪೇಪರ್ ಬರೆದಿದ್ದರೆ, ಅಥವಾ ಅವರು ನಿಮ್ಮ ಹಳೆಯ ಗುರುಗಳೇ ಆಗಿದ್ದರೆ, ವಿಶ್ವವಿದ್ಯಾಲಯಕ್ಕೆ ತಿಳಿಸಿ ಹಿಂದೆ ಸರಿಯಿರಿ.

ಓದುವಾಗ ನಾನು ಪೀಠಿಕೆಯಿಂದ ಶುರುಮಾಡುವುದಿಲ್ಲ. ಮೊದಲು ಉದ್ದೇಶಗಳು, ಆಮೇಲೆ ವಿಧಾನ, ಆಮೇಲೆ ಕೋಷ್ಟಕಗಳು. ಇಷ್ಟನ್ನು ನೋಡಿ, ಈ ದತ್ತಾಂಶದಿಂದ ಏನೇನು ಹೇಳಬಹುದು ಎಂದು ನಾನೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಅದಾದ ಮೇಲೆ ಅವಳ ಚರ್ಚೆ ಮತ್ತು ತೀರ್ಮಾನ ಓದುತ್ತೇನೆ. ಅಳೆದದ್ದೆಷ್ಟು, ಹೇಳಿದ್ದೆಷ್ಟು ಎಂಬುದು ಆಗ ಕಣ್ಣಿಗೆ ಹೊಡೆಯುತ್ತದೆ. ನನ್ನ ಮಟ್ಟಿಗೆ ಪರೀಕ್ಷಕರ ಮುಖ್ಯ ಕೆಲಸ ಅದನ್ನು ತೂಗುವುದೇ.

ನಮ್ಮ ಕರಾವಳಿಯ ಉದಾಹರಣೆಯನ್ನೇ ಕೊಡುತ್ತೇನೆ. ಬೂತಾಯಿ ಮೀನಿನ ಸಂತಾನೋತ್ಪತ್ತಿಯ ಮೇಲೆ ಒಂದು ಥೀಸಿಸ್ ಇದೆ ಎಂದಿಟ್ಟುಕೊಳ್ಳಿ. ಮಂಗಳೂರು ದಕ್ಕೆಯಿಂದ, ಮಲ್ಪೆಯಿಂದ ಪ್ರತಿ ತಿಂಗಳು ಸ್ಯಾಂಪಲ್ ತಂದಿದ್ದಾಳೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ, ಹಾಗಾಗಿ ಆ ಎರಡು ತಿಂಗಳ ಮೀನು ಇಲ್ಲ. ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲೇ. ಹೀಗಿರುವಾಗ ‘ಸಂತಾನೋತ್ಪತ್ತಿಯ ಉಚ್ಛ್ರಾಯ ಸೆಪ್ಟೆಂಬರ್‌ನಲ್ಲಿ’ ಎಂದು ಬರೆದಿದ್ದರೆ ಅದನ್ನು ನಾನು ಒಪ್ಪುವುದಿಲ್ಲ. ಸ್ಯಾಂಪಲ್ ಸಿಗದ್ದು ಅವಳ ತಪ್ಪಲ್ಲ, ಅದಕ್ಕೆ ಅಂಕ ಕಳೆಯುವುದೂ ಇಲ್ಲ. ಆದರೆ ಆ ಖಾಲಿ ಜಾಗವನ್ನು ತೀರ್ಮಾನದಲ್ಲಿ ಮರೆತದ್ದು ಅವಳ ಹೊಣೆ. ಇನ್ನೊಬ್ಬಳು ಮಳೆಗಾಲದ ಮೀನನ್ನು ನಾಡದೋಣಿಯವರಿಂದ ತಂದಿರಬಹುದು. ಆಗ ಪ್ರಶ್ನೆ ಬದಲಾಗುತ್ತದೆ: ಬಲೆ ಬೇರೆ, ಮೀನು ಹಿಡಿಯುವ ಆಳ ಬೇರೆ, ಸಿಗುವ ಗಾತ್ರವೂ ಬೇರೆ ಇರಬಹುದು, ಪರ್ಸೀನ್ ಬೋಟಿನ (ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಯಾಂತ್ರೀಕೃತ ಬೋಟು) ಮೀನಿನ ಜೊತೆ ಅದನ್ನು ಒಟ್ಟು ಸೇರಿಸಬಹುದೇ? ಇದಕ್ಕೆ ಅವಳು ಒಂದು ಪ್ಯಾರಾ ಬರೆದಿದ್ದರೂ ಸಾಕು, ಯೋಚಿಸಿದ್ದಾಳೆ ಎಂದು ನನಗೆ ಸಂತೋಷವಾಗುತ್ತದೆ.

ಇನ್ನು ಲೆಕ್ಕ. ಎಲ್ಲವನ್ನೂ ಮತ್ತೆ ಮಾಡಲಾಗದು, ಆದರೆ ಒಂದೆರಡು ಸಾಲುಗಳನ್ನಾದರೂ ಕ್ಯಾಲ್ಕ್ಯುಲೇಟರ್ ಹಿಡಿದು ನೀವೇ ಮಾಡಿ ನೋಡಿ. ಬೂತಾಯಿಯ ಥೀಸಿಸ್‌ನಲ್ಲಾದರೆ, ಅಂಡಾಶಯದ ತೂಕವನ್ನು ಮೀನಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಕೋಷ್ಟಕದಲ್ಲಿ ಕೊಟ್ಟ ಶೇಕಡಾವಾರು ಅಂಕಿ ಬರಬೇಕು. ವಿಧಾನದಲ್ಲಿ ಹೇಳಿದ ಮೀನುಗಳ ಸಂಖ್ಯೆ, ಕೋಷ್ಟಕದ ಸಂಖ್ಯೆ, ಗ್ರಾಫಿನ ಕೆಳಗಿನ ಸಂಖ್ಯೆ ಒಂದೇ ಇದೆಯೇ ನೋಡಿ. ಉದ್ದ–ತೂಕದ ಸಂಬಂಧದಲ್ಲಿ ಘಾತಾಂಕ ಎಂದರೆ ಉದ್ದ ಬೆಳೆದಂತೆ ತೂಕ ಎಷ್ಟು ವೇಗವಾಗಿ ಏರುತ್ತದೆ ಎಂಬ ಅಂಕಿ; ಮೀನು ಆಕಾರ ಬದಲಿಸದೆ ಬೆಳೆದರೆ ಅದು 3. ಅದು 2.92 ಬಂದ ಮಾತ್ರಕ್ಕೆ 3ಕ್ಕಿಂತ ಕಡಿಮೆ ಎಂದು ಘೋಷಿಸುವವರು ತುಂಬ ಜನ. ಆ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಟಿ-ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಲೇಬೇಕು. ಇಲ್ಲಿ ನಾನು ಸಡಿಲ ಬಿಡುವುದಿಲ್ಲ.

ಬಿಡುವುದು ಎಲ್ಲಿ? ಹೊಸತನದ ವಿಷಯದಲ್ಲಿ. ಪಿಎಚ್.ಡಿ.ಯಿಂದ ನಿರೀಕ್ಷಿಸುವ ಹೊಸ ಜ್ಞಾನವನ್ನು ಇಲ್ಲಿ ಕೇಳುವುದು ಅನ್ಯಾಯ. ಎರಡು ವರ್ಷದ ಪದವಿಯಲ್ಲಿ ಮೊದಲ ವರ್ಷ ಬಹುಪಾಲು ಕೋರ್ಸ್‌ವರ್ಕ್‌ಗೇ ಹೋಗುತ್ತದೆ. ಗೊತ್ತಿರುವ ವಿಧಾನವನ್ನು ಸರಿಯಾಗಿ ಬಳಸಿ, ಬಂದ ಫಲಿತಾಂಶವನ್ನು ಪ್ರಾಮಾಣಿಕವಾಗಿ ಓದಿದರೆ ಅದು ಒಳ್ಳೆಯ ಥೀಸಿಸ್. ನಿರೀಕ್ಷಿಸಿದ ಫಲಿತಾಂಶ ಬರಲಿಲ್ಲ ಎಂದು ಯಾರನ್ನೂ ಇಳಿಸಬೇಡಿ. ಇಂಗ್ಲಿಷಿನ ವಿಷಯವೂ ಹಾಗೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಾಕ್ಯ ಅಲ್ಲಲ್ಲಿ ತೊಡರಬಹುದು, ಅರ್ಥ ಸ್ಪಷ್ಟವಿದ್ದರೆ ಪೆನ್ಸಿಲ್ಲಿನಲ್ಲಿ ತಿದ್ದಿ ಮುಂದೆ ಹೋಗಿ. ಇದನ್ನು ನಾನು ತುಂಬ ಕಳಕಳಿಯಿಂದ ಹೇಳುತ್ತಿದ್ದೇನೆ, ಏಕೆಂದರೆ ಭಾಷೆ ನೋಡಿಯೇ ಬುದ್ಧಿ ಅಳೆಯುವ ವರದಿಗಳನ್ನು ಓದಿದ್ದೇನೆ.

ಕೃತಿಚೌರ್ಯದ ರಿಪೋರ್ಟಿನ ಶೇಕಡಾವಾರು ಅಂಕಿಯನ್ನು ಮಾತ್ರ ನೋಡಿ ನಿರ್ಧರಿಸಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಉಲ್ಲೇಖಪಟ್ಟಿ ಮತ್ತು ಕೃತಜ್ಞತೆಯ ಪುಟಗಳನ್ನು ಲೆಕ್ಕದಿಂದ ಹೊರಗಿಡುತ್ತಾರೆ. ಆದರೆ ಶೇ. 8 ಇದ್ದೂ ಚರ್ಚೆಯ ಒಂದು ಇಡೀ ಪುಟ ಬೇರೆಯವರದ್ದಾಗಿರಬಹುದು. ಬಣ್ಣ ಹಚ್ಚಿದ ಸಾಲುಗಳು ಯಾವ ಅಧ್ಯಾಯದಲ್ಲಿವೆ ಎಂದು ತೆರೆದು ನೋಡಿ.

ವರದಿಯಲ್ಲಿ ಕಡ್ಡಾಯವಾಗಿ ತಿದ್ದಬೇಕಾದದ್ದನ್ನು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ವಿವರಿಸಬೇಕಾದದ್ದನ್ನು ಮತ್ತು ಬರೀ ಅಕ್ಷರದೋಷಗಳನ್ನು ಬೇರೆಬೇರೆ ಬರೆಯಿರಿ. ಮೂರೂ ಕಲಸಿಹೋದರೆ ಸಾರಿಗೆ ಉಪ್ಪು ಕಡಿಮೆಯಾದದ್ದೂ ಮೀನು ಹಳಸಿದ್ದೂ ಒಂದೇ ದೂರು ಎಂಬಂತಾಗುತ್ತದೆ. ‘ಅಂಕಿಅಂಶ ದುರ್ಬಲ’ ಎಂದು ಬರೆದರೆ ಅವಳಿಗೆ ಏನೂ ತಿಳಿಯದು. ಯಾವ ಕೋಷ್ಟಕ, ಯಾವ ಪರೀಕ್ಷೆ ಮಾಡಬೇಕಿತ್ತು ಎಂದು ಹೇಳಿ. ಕೊಟ್ಟ ಗಡುವಿನೊಳಗೆ ಕಳಿಸಿ, ನಿಮ್ಮ ಮೇಜಿನ ಮೇಲೆ ಕೂತ ಪ್ರತಿಗಾಗಿ ಅಲ್ಲೊಬ್ಬಳ ಪಿಎಚ್.ಡಿ. ಪ್ರವೇಶ ಕಾಯುತ್ತಿರಬಹುದು.

ವೈವಾದಲ್ಲಿ ಮೊದಲ ಪ್ರಶ್ನೆ ಅವಳು ತಾನೇ ಮಾಡಿದ ಕೆಲಸದ ಬಗ್ಗೆ ಇರಲಿ: ‘ಸ್ಯಾಂಪಲ್ ತರುತ್ತಿದ್ದ ಒಂದು ದಿನ ಹೇಗಿರುತ್ತಿತ್ತು, ಹೇಳಮ್ಮ.’ ಕೈಯಾರೆ ಮಾಡಿದವರು ಇಲ್ಲಿ ಅರಳುತ್ತಾರೆ, ಮಾಡಿಸಿಕೊಂಡವರು ತಡವರಿಸುತ್ತಾರೆ. ಕನ್ನಡದಲ್ಲೇ ಹೇಳುತ್ತೇನೆ ಎಂದರೆ ನಿಯಮ ಅಡ್ಡ ಬರದಿದ್ದರೆ ಒಪ್ಪಿ. ಗೈಡ್ ನಡುವೆ ಬಾಯಿ ಹಾಕಿದರೆ, ‘ಸರ್, ಅವಳು ಮುಗಿಸಲಿ, ಆಮೇಲೆ ನಿಮ್ಮನ್ನು ಕೇಳುತ್ತೇನೆ’ ಎಂದು ಮೆಲ್ಲಗೆ ಹೇಳಿ. ಮುಗಿದ ಮೇಲೆ ತಿದ್ದುಪಡಿಗಳ ಪಟ್ಟಿಗೆ ಪುಟಸಂಖ್ಯೆ ಹಾಕಿ, ಸಹಿ ಮಾಡಿ, ಅಲ್ಲೇ ಅವಳ ಕೈಗೂ ಒಂದು ಪ್ರತಿ ಕೊಟ್ಟು ಬನ್ನಿ.