ಕ್ರೋಮ್‌ನಲ್ಲಿ ಸರಿಯಿರುವ ಅಪ್ಲಿಕೇಶನ್ ಗ್ರಾಹಕರ ಐಫೋನಿನಲ್ಲಿ ಏಕೆ ಕೆಡುತ್ತದೆ?

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದಕ್ಕೆ ಬಿಲ್ಲಿಂಗ್ ಅಪ್ಲಿಕೇಶನ್ ಮಾಡಿಕೊಟ್ಟಿರುವುದಾಗಿಯೂ, ಅದು ನಿಮ್ಮ ಕ್ರೋಮ್‌ನಲ್ಲಿ ಸರಿಯಾಗಿದ್ದು ಮಾಲೀಕರ ಹಳೆಯ ಐಫೋನಿನಲ್ಲಿ ಮತ್ತು ಗುಮಾಸ್ತರ ವಿಂಡೋಸ್ 7 ಕಂಪ್ಯೂಟರಿನಲ್ಲಿ ಕೆಡುತ್ತಿರುವುದಾಗಿಯೂ ಬರೆದು, ಎಲ್ಲ ಬ್ರೌಸರ್‌ಗಳಿಗೂ ಒಂದೇ ಸಲಕ್ಕೆ ಹೊಂದುವಂತೆ ಬರೆಯುವ ದಾರಿ ಇದೆಯೇ ಎಂದು ಕೇಳಿದ್ದೀರಿ. ನಾನೂ ಇದೇ ಊರಿನಲ್ಲಿ ವರ್ತಕರಿಗೆ ಇಂಥ ಕೆಲಸ ಮಾಡಿಕೊಡುವವನು. ಅಂಥ ದಾರಿ ಇಲ್ಲ ಎಂದೇ ಹೇಳಬೇಕಾಗುತ್ತದೆ.

ಬ್ರೌಸರ್‌ಗಳ ಹೆಸರು ಹತ್ತಾರಿದ್ದರೂ ಪುಟವನ್ನು ಓದಿ ತೆರೆಯ ಮೇಲೆ ಮೂಡಿಸುವ ಒಳಗಿನ ಮುಖ್ಯ ಎಂಜಿನ್‌ಗಳು ಮೂರೇ: ಕ್ರೋಮ್, ಒಪೆರಾ ಮತ್ತು 2020ರಿಂದ ಎಡ್ಜ್ ಬಳಸುತ್ತಿರುವ ಬ್ಲಿಂಕ್, ಫೈರ್‌ಫಾಕ್ಸ್‌ನ ಗೆಕ್ಕೊ, ಸಫಾರಿಯ ವೆಬ್‌ಕಿಟ್. ನಮ್ಮಲ್ಲಿ ಐಫೋನಿಗೆ ಕ್ರೋಮ್ ಹಾಕಿಕೊಂಡರೂ ಅದರೊಳಗೆ ಓಡುವುದು ವೆಬ್‌ಕಿಟ್ಟೇ ಆದ್ದರಿಂದ (ಯುರೋಪಿಯನ್ ಒಕ್ಕೂಟದಲ್ಲಿ 2024ರಿಂದ ಬೇರೆ ಎಂಜಿನ್‌ಗೆ ಅವಕಾಶವಿದೆ), ಸಫಾರಿ ಬಿಟ್ಟು ಕ್ರೋಮ್ ಬಳಸಿ ಎಂದು ಮಾಲೀಕರಿಗೆ ಹೇಳಿ ಪ್ರಯೋಜನವಿಲ್ಲ. ಆದರೆ ನನ್ನ ಅನುಭವದಲ್ಲಿ ಎಂಜಿನ್‌ಗಳ ಭೇದಕ್ಕಿಂತ ಹೆಚ್ಚು ಕಾಡುವುದು ಆವೃತ್ತಿಯ ವಯಸ್ಸು. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಯೇ ಕೊನೆಯದು. ಸಫಾರಿಯ ಎಂಜಿನ್ ಐಓಎಸ್ ಜೊತೆಗೇ ಬರುವುದರಿಂದ, ಐಓಎಸ್ 12ರಲ್ಲೇ ನಿಂತುಹೋದ ಐಫೋನ್ 6ರಂಥ ಫೋನಿನಲ್ಲಿ ಬ್ರೌಸರ್ ಕೂಡ ಅಲ್ಲಿಯೇ ನಿಂತಿರುತ್ತದೆ.

ನೀವು ಕಳಿಸಿದ ಐಫೋನ್ ಚಿತ್ರದಲ್ಲಿ ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿರುವುದಕ್ಕೆ ಬಹುಶಃ ಫ್ಲೆಕ್ಸ್‌ಬಾಕ್ಸ್‌ನ (ಪುಟದ ಭಾಗಗಳನ್ನು ಸಾಲಾಗಿ ಜೋಡಿಸುವ ವಿಧಾನ) ಗ್ಯಾಪ್, ಅಂದರೆ ಅವುಗಳ ನಡುವೆ ಅಂತರ ಬಿಡುವ ಸೂಚನೆ, ಕಾರಣ. ಅದು ಐಫೋನಿಗೆ ಬಂದದ್ದು 2021ರಲ್ಲಿ, ಐಓಎಸ್ 14.5ರೊಡನೆ. ಒಂದು ಸೌಲಭ್ಯ ಗೊತ್ತೇ ಎಂದು ಬ್ರೌಸರನ್ನೇ ಕೇಳುವ ಸಪೋರ್ಟ್ಸ್ ನಿಯಮದಿಂದ ಮೊದಲೇ ಪರೀಕ್ಷಿಸಬಹುದಲ್ಲವೇ ಎಂದು ನಿಮಗೆ ಅನಿಸಬಹುದು. ಆಗುವುದಿಲ್ಲ: ಐಓಎಸ್ 12ರ ಸಫಾರಿಗೆ ಗ್ರಿಡ್‌ನ (ಅಡ್ಡ-ಉದ್ದ ಸಾಲುಗಳಲ್ಲಿ ಜೋಡಿಸುವ ಇನ್ನೊಂದು ವಿಧಾನ) ಗ್ಯಾಪ್ ಗೊತ್ತಿರುವುದರಿಂದ, ಗ್ಯಾಪ್ ಬರುತ್ತದೆಯೇ ಎಂದು ಕೇಳಿದರೆ ಅದು ಹೌದೆಂದೇ ಉತ್ತರಿಸುತ್ತದೆ, ಫ್ಲೆಕ್ಸ್‌ಬಾಕ್ಸ್‌ನಲ್ಲಿ ಮಾತ್ರ ಅಂತರ ಬಿಡುವುದಿಲ್ಲ. ಈ ಕೆಲಸದಲ್ಲಿ ನನಗೆ ಅತಿ ಬೇಸರ ತರಿಸುವುದು ಇಂಥ ಜಾಗಗಳೇ. ಅಲ್ಲಿ ಮಾರ್ಜಿನ್ (ಗುಂಡಿಯ ಹೊರಗಿನ ಅಂತರ) ಬಳಸಿ ಮುಂದೆ ಹೋಗಿ.

ದಿನಾಂಕದ ಕಾಲಂನಲ್ಲಿ ‘ಇನ್‌ವ್ಯಾಲಿಡ್ ಡೇಟ್’ ಎಂದು ಬರುತ್ತಿರುವುದು ಬೇರೆಯೇ ವಿಷಯ. ಡೇಟಾಬೇಸ್ ‘2024-11-05 10:30:00’ ಎಂದು ನಡುವೆ ಖಾಲಿ ಜಾಗ ಬಿಟ್ಟು ಕಳಿಸಿದ್ದನ್ನು ಕ್ರೋಮ್ ಉದಾರವಾಗಿ ಓದಿಕೊಳ್ಳುತ್ತದೆ, ಹಳೆಯ ಸಫಾರಿ ಓದುವುದಿಲ್ಲ. ಜಾವಾಸ್ಕ್ರಿಪ್ಟ್‌ನ ನಿಯಮ ಈ ರೂಪವನ್ನು ಆಯಾ ಬ್ರೌಸರ್‌ಗೇ ಬಿಟ್ಟಿರುವುದರಿಂದ ಸಫಾರಿಯದು ತಪ್ಪೆನ್ನಲಾಗದು. ವರ್ಷ, ತಿಂಗಳು, ದಿನ, ಗಂಟೆಗಳನ್ನು ನೀವೇ ಬಿಡಿಸಿ, ಅಂಕಿಗಳಿಂದ ದಿನಾಂಕವನ್ನು ಕಟ್ಟಿದರೆ ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆ.

ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಸಾಮಾನ್ಯವಾಗಿ ಸಿಗದ ತೊಂದರೆಯೊಂದು ನಮಗಿದೆ. ಕನ್ನಡ ಫಾಂಟನ್ನು ನೀವೇ ಒದಗಿಸದಿದ್ದರೆ ವಿಂಡೋಸ್ 7 ತುಂಗಾವನ್ನೂ, ಹೊಸ ವಿಂಡೋಸ್ ನಿರ್ಮಲಾ ಯುಐಯನ್ನೂ, ಆಂಡ್ರಾಯ್ಡ್ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡವನ್ನೂ ತೋರಿಸುತ್ತವೆ, ಮತ್ತು ಇವುಗಳ ಎತ್ತರ ಒಂದೇ ಅಲ್ಲ. ಗುಂಡಿಗೆ ಅಥವಾ ಸಾಲಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ, ಹೊರಚಾಚಿದ್ದನ್ನು ಮರೆಮಾಡುವಂತೆ ಬರೆದಿದ್ದರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ‘ಒಟ್ಟು ಮೊತ್ತ’ ಎಂಬುದು ‘ಒಟು ಮೊತ’ ಎಂದು ಕಾಣುತ್ತದೆ. ರೈತರ ಕೈಗೆ ಹೋಗುವ ಚೀಟಿಯಲ್ಲಿ ಹೀಗಾಗಬಾರದು. ಫಾಂಟನ್ನು ಅಪ್ಲಿಕೇಶನ್ನಿನ ಜೊತೆಗೇ ಕಳಿಸಿ, ಎತ್ತರವನ್ನು ಬಿಟ್ಟು ಪ್ಯಾಡಿಂಗ್ (ಅಕ್ಷರದ ಸುತ್ತಲಿನ ಒಳ ಅಂತರ) ಕೊಡಿ, ಸಾಲಿನ ಎತ್ತರವನ್ನು 1.6ರ ಆಸುಪಾಸಿನಲ್ಲಿಡಿ. ಹಾಗೆಯೇ ಇನ್‌ಪುಟ್‌ಗಳ (ಬರೆದು ತುಂಬುವ ಜಾಗಗಳ) ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಮುಟ್ಟಿದ ಕೂಡಲೇ ಐಫೋನ್ ಪುಟವನ್ನು ಹಿಗ್ಗಿಸುತ್ತದೆ ಎಂಬುದೂ ಗಮನದಲ್ಲಿರಲಿ.

ಬ್ರೌಸರ್‌ಗಳನ್ನು ತಾನೇ ನಡೆಸಿ ಪರೀಕ್ಷಿಸುವ ಪ್ಲೇರೈಟ್‌ನಂಥ ಸಾಧನದಲ್ಲಿ ಮೂರೂ ಎಂಜಿನ್‌ಗಳ ಮೇಲೆ ಪರೀಕ್ಷೆ ನಡೆಸಬಹುದು, ನಡೆಸಲೇಬೇಕು. ಆದರೆ ಅದರ ವೆಬ್‌ಕಿಟ್ ಹೊಸದು, ಮಾಲೀಕರ ಕೈಯಲ್ಲಿರುವ ಫೋನಿನದಲ್ಲ. ಆದ್ದರಿಂದ ಇನ್ನು ಮುಂದೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಂಡಿಯಲ್ಲಿ ಯಾರು ಯಾವ ಫೋನ್, ಯಾವ ಕಂಪ್ಯೂಟರ್ ಬಳಸುತ್ತಾರೆಂದು ನೋಡಿ ಬನ್ನಿ, ಅವುಗಳಲ್ಲಿ ಅತಿ ಹಳೆಯದರ ಆವೃತ್ತಿಯನ್ನು ಒಪ್ಪಂದದಲ್ಲಿ ಬರೆಯಿರಿ, ಅದೇ ಆವೃತ್ತಿಯನ್ನು ಬ್ರೌಸರ್‌ಲಿಸ್ಟ್‌ಗೂ (ಯಾವ ಬ್ರೌಸರ್‌ಗಳಿಗೆ ಹೊಂದಬೇಕೆಂದು ಬಿಲ್ಡ್ ಸಾಧನಗಳಿಗೆ ಹೇಳುವ ಪಟ್ಟಿ) ಕೊಡಿ. ಅದಕ್ಕೂ ಹಳೆಯದನ್ನು ನಡೆಸಿಕೊಡಿ ಎಂದರೆ ಬೇರೆ ದರ ಕೇಳುವುದು ನ್ಯಾಯವೇ.

ಸದ್ಯಕ್ಕೆ ಗುಮಾಸ್ತರ ಕಂಪ್ಯೂಟರಿನಿಂದ ಶುರುಮಾಡಿ. ಅಲ್ಲಿ ಕ್ರೋಮ್ 109 ಇದ್ದು, ನೀವು ಸಿಎಸ್‌ಎಸ್ (ಪುಟದ ರೂಪವನ್ನು ಹೇಳುವ ಭಾಷೆ) ನಿಯಮಗಳನ್ನು ಒಂದರೊಳಗೊಂದು ನೆಸ್ಟ್ ಮಾಡಿ ಬರೆದಿದ್ದರೆ, ಕೆಟ್ಟಿರುವುದಕ್ಕೆ ಅದೇ ಕಾರಣವಿರಬಹುದು. ಆ ಸೌಲಭ್ಯ ಕ್ರೋಮ್‌ಗೆ ಬಂದದ್ದು 112ರಲ್ಲಿ. ಸಿಎಸ್‌ಎಸ್ ಅನ್ನು ಹಳೆಯ ಬ್ರೌಸರ್‌ಗೆ ಹೊಂದುವಂತೆ ಬದಲಿಸುವ ಪೋಸ್ಟ್‌ಸಿಎಸ್‌ಎಸ್ ಎಂಬ ಸಾಧನದಿಂದ ಅದನ್ನು ಬಿಡಿಸಿ, ಮತ್ತೆ ಬಿಲ್ಡ್ ಮಾಡಿ ನೋಡಿ.