ಪ್ರೊಸೆಸಿಂಗ್ ಸ್ಪೀಡ್ ಕಡಿಮೆ ಬಂದಿದೆ ಅಂದಿರಲ್ಲ, ಅದಕ್ಕೆ
ಮೂರನೇ ಕ್ಲಾಸಿನ ಮಗನಿಗೆ ಟೆಸ್ಟ್‌ನಲ್ಲಿ ಪ್ರೊಸೆಸಿಂಗ್ ಸ್ಪೀಡ್ (ಸರಳ ಕೆಲಸವನ್ನು ನೋಡಿ ಬೇಗ ಮುಗಿಸುವ ವೇಗ) ಕಡಿಮೆ ಬಂದಿದೆ, ಓದು ನಿಧಾನವಾಗಿರೋದು ಅದಕ್ಕೇನಾ ಅಂತ ಕೇಳಿದ್ದೀರಿ ಮೇಡಂ. ಸ್ವಲ್ಪ ಮಟ್ಟಿಗೆ ಇರಬಹುದು. ಆದರೆ ಅದೊಂದು ಅಂಕಿ ನೋಡಿ ಗಾಬರಿಯಾಗಬೇಡಿ. ಆ ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಪೆನ್ಸಿಲ್ ಕೊಟ್ಟು ಗುರುತುಗಳನ್ನು ಬೇಗ ಬೇಗ ನಕಲು ಮಾಡಿಸುತ್ತಾರೆ. ಕೈ ನಿಧಾನವಿದ್ದರೂ ಅಂಕ ಇಳಿಯುತ್ತದೆ, ಅಲ್ವಾ?

ಓದಿಗೆ ಇನ್ನೂ ಹತ್ತಿರದ್ದು ಬೇರೆ ಇದೆ: ಸಾಲಾಗಿ ಬರೆದ ಅಂಕಿ, ಅಕ್ಷರ, ಬಣ್ಣಗಳ ಹೆಸರನ್ನು ಮಗು ಎಷ್ಟು ಬೇಗ ಹೇಳುತ್ತದೆ ಅನ್ನೋದು. 1970ರ ದಶಕದಲ್ಲಿ ಡೆಂಕ್ಲಾ ಮತ್ತು ರುಡೆಲ್ ಅನ್ನೋ ಸಂಶೋಧಕರು ಇದನ್ನು ಡಿಸ್ಲೆಕ್ಸಿಯಾ (ಓದು-ಬರಹ ಕಲಿಯೋದು ಕಷ್ಟವಾಗುವ ತೊಂದರೆ) ಇರುವ ಮಕ್ಕಳಲ್ಲಿ ಅಳೆದರು. ಹೆಸರು ಗೊತ್ತಿದ್ದೂ ಬಾಯಿಗೆ ಬರೋದು ತಡ. 1999ರಲ್ಲಿ ವುಲ್ಫ್ ಮತ್ತು ಬವರ್ಸ್ ಅನ್ನೋ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು: ಈ ತಡದ ಜೊತೆಗೆ ಪದದ ಸದ್ದು ಬಿಡಿಸೋದೂ ಕಷ್ಟವಾದವರಿಗೆ ಓದು ಜಾಸ್ತಿ ತೊಡಕು.

ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪ. ನಾಲ್ಕನೇ ಕ್ಲಾಸಿನಲ್ಲೂ ಕಲಿಯುತ್ತಲೇ ಇರುತ್ತಾರೆ. ಮಗ ‘ಸ್ತ್ರೀ’ ಬಂದಾಗ ಮಾತ್ರ ತಡವರಿಸುತ್ತಾನೋ, ‘ಮರ’, ‘ಮನೆ’ಗೂ ನಿಲ್ಲುತ್ತಾನೋ ಗಮನಿಸಿ. ಮೊದಲನೆಯದಾದರೆ ಒತ್ತಕ್ಷರ ಇನ್ನೂ ಪಳಗಿಲ್ಲ, ಅಷ್ಟೇ. ಎರಡನೆಯದಾದರೆ ವಿಶೇಷ ಶಿಕ್ಷಕರಿಗೆ ತೋರಿಸಿ.

ಮೆದುಳು ಚುರುಕು ಮಾಡುವ ಆಪ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಆಟದಲ್ಲಿ ಚುರುಕಾಗುತ್ತಾನೆ, ಓದಿಗೆ ಅದು ದಾಟೋದು ಕಡಿಮೆ. ಅದರ ಬದಲು ಒಂದೇ ಪುಟ್ಟ ಪಾಠವನ್ನು ಜೊತೆಗೆ ಕೂತು ಎರಡು ಮೂರು ಸಲ ಜೋರಾಗಿ ಓದಿಸಿ.