ಐರ್ಲೆಂಡಿನ ಡಿಂಗಲ್ ಪರ್ಯಾಯ ದ್ವೀಪದ ಬ್ಯಾಲಿಫೆರಿಟರ್ ಹತ್ತಿರ ಕಾಟೇಜ್, ಅಮ್ಮನಿಗೆ ಮಂಡಿನೋವು: ಏನೇನು ನೋಡಬಹುದು?

ಮಂಡಿನೋವಿದ್ದರೂ ಆ ಕಡೆ ನೋಡುವುದಕ್ಕೆ ಬೇಕಾದಷ್ಟಿದೆ. ಮೊದಲು ಗ್ಯಾಲರಸ್‌ಗೆ ಹೋಗಿ. ಕಾರಿನಿಂದ ಇಳಿದು ಸ್ವಲ್ಪ ನಡೆದರೆ ಸಾಕು. ಮಗುಚಿ ಹಾಕಿದ ದೋಣಿಯ ಹಾಗಿರುವ ಪುಟ್ಟ ಪ್ರಾರ್ಥನಾ ಮಂದಿರ ಅದು. ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಬಗ್ಗಿ ಒಳಗೆ ಹೋಗಿ ಪೂರ್ವದ ಗೋಡೆ ನೋಡಿ. ಇರುವುದು ಒಂದೇ ಒಂದು ಸಣ್ಣ ಕಿಟಕಿ, ಬಾಗಿಲು ಬಿಟ್ಟರೆ ಬೆಳಕೆಲ್ಲ ಅಲ್ಲಿಂದಲೇ. ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ಒಳಕ್ಕೆ ಬಾಗಿ ತಾವೇ ಚಾವಣಿಯಾಗಿವೆ.

ಅಲ್ಲೇ ಹತ್ತಿರ ಕಿಲ್ಮಾಲ್ಕೆಡರ್. 12ನೇ ಶತಮಾನದ ಚರ್ಚು, ಈಗ ಸೂರಿಲ್ಲ. ಅಂಗಳದಲ್ಲಿ ಐರ್ಲೆಂಡಿನ ಪ್ರಾಚೀನ ಲಿಪಿಯಾದ ಓಘಮ್‌ನ ಕಲ್ಲೊಂದಿದೆ, ಅಂಚಿನುದ್ದಕ್ಕೂ ಗೀರುಗಳು. ಶಾಸನ ನೋಡುವ ಹುಚ್ಚಿದ್ದರೆ ಬಿಡಬೇಡಿ.

ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ಅಮ್ಮನನ್ನು ಕರೆದುಕೊಂಡು ಹೋಗುವುದು ಬೇಡ ಅಂತೀನಿ. ದೋಣಿ ಹತ್ತಿ ಇಳಿಯುವುದೇ ಕಷ್ಟ, ಮೇಲೆ ಏರು ಬೇರೆ. ಬದಲಿಗೆ ಡನ್‌ಕ್ವಿನ್‌ನಲ್ಲಿರುವ ಬ್ಲಾಸ್ಕೆಟ್ ಸೆಂಟರ್‌ಗೆ ಹೋಗಿ. 1953ರಲ್ಲಿ ದ್ವೀಪ ಬಿಟ್ಟುಬಂದ ಜನರ ಬದುಕು ಅಲ್ಲಿ ಚೆನ್ನಾಗಿ ತಿಳಿಯುತ್ತದೆ, ದ್ವೀಪವೂ ಎದುರಿಗೇ ಕಾಣುತ್ತದೆ.

ಈ ಕಡೆಯ ಕರಾವಳಿಯನ್ನು ಸುತ್ತಿ ಬರುವ ಸ್ಲೀ ಹೆಡ್ ರಸ್ತೆ ತುಂಬಾ ಕಿರಿದು. ಡಿಂಗಲ್ ಪಟ್ಟಣದಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಿ. ದೊಡ್ಡ ಬಸ್ಸುಗಳೂ ಹಾಗೇ ಹೋಗುವುದರಿಂದ ಎದುರಾಗುವ ತಾಪತ್ರಯ ಕಡಿಮೆ. ಬೇಸಿಗೆಯಾದರೂ ಜರ್ಕಿನ್ ಕಾರಿನಲ್ಲೇ ಇರಲಿ, ಮಳೆ ಯಾವಾಗ ಬೇಕಾದರೂ ಬರಬಹುದು.